ಹಳೆಯ ಗುಟ್ಟಿನ ಮಾತು

ಬೀಗದ ಅಂಗಡಿಯಿಂದ,
ಬುಧವಾರ, ಹತ್ತೊಂಬತ್ತನೇ ತಾರೀಖು, ಬೆಳಗಿನ ಹತ್ತೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲಿನ ನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಅಷ್ಟು ಹೇಳಿದ್ದರೂ ದಿನಕ್ಕೆ ಮೂರು ಸಲ ಮಹಡಿಗೆ ಹೋಗಿ ಬಟ್ಟೆ ಒಣಹಾಕುತ್ತೀಯಂತೆ, ಭಾವ ದೂರು ಹೇಳಿದರು. ಅವರ ಕೆಮ್ಮು ಕಡಿಮೆಯಾಯಿತೇ? ಅಮ್ಮ ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ನಿಮ್ಮಲ್ಲಿಂದ ವಾಪಸ್ ಬಂದಾಗಿನಿಂದ ದಿನವೂ ಫೋನ್ ಮಾಡಿದ್ದೇನೆ, ಒಂದು ಸಲವೂ ನೀನು ಎತ್ತಿಲ್ಲ. ಎತ್ತು ಎಂದು ಕೇಳುವ ಮುಖ ನನಗೂ ಇಲ್ಲ ಬಿಡು. ಭಾವ ಎತ್ತಿ "ಅವಳೇನೋ ಕೆಲಸದಲ್ಲಿದ್ದಾಳೆ ಕಣಯ್ಯಾ" ಎನ್ನುತ್ತಾರೆ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಆ ಒಂದು ವಾಕ್ಯಕ್ಕೇ ನಾಲ್ಕು ಸಲ ಕೆಮ್ಮುತ್ತಾರೆ. ಅದಕ್ಕೇ ಕಾಗದ ಬರೆಯಲು ಕೂತೆ. ನನ್ನ ಅಕ್ಷರವನ್ನು ನಕಲು ಮಾಡಲು ಹೊರಟವರ ಕೈ ಸೊಟ್ಟಗಾಗುತ್ತದೆ ಎಂದು ನೀನೇ ಆಡಿಕೊಳ್ಳುತ್ತಿದ್ದೆ, ಆದ್ದರಿಂದ ಇದನ್ನು ಬರೆದವನು ನಾನೇ ಎಂಬುದರಲ್ಲಿ ನಿನಗೆ ಅನುಮಾನ ಬರಲಾರದು.

ನಾವಿಲ್ಲಿ ಇದ್ದೇವೆ ಎನ್ನುವ ಮಟ್ಟಿಗೆ ಇದ್ದೇವೆ. ನನ್ನವಳು ಹೊತ್ತು ಹೊತ್ತಿಗೆ ಬಡಿಸುತ್ತಾಳೆ, ಮಾತು ಮಾತ್ರ ಅಳೆದು ತೂಗಿ ಆಡುತ್ತಾಳೆ. ಅವಳಿಗೂ ನನ್ನ ಮೇಲೆ ಸಿಟ್ಟಿದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಅಂಗಡಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಕೀ ಕೊರೆಯುವ ಯಂತ್ರದ ಬೆಲ್ಟು ಸಡಿಲವಾಗಿ ಕಿರುಗುಟ್ಟುತ್ತಿದೆ, ಬದಲಾಯಿಸುವ ಮನಸ್ಸಿಲ್ಲ. ಕೀ ಮಾಡಿಸಿಕೊಳ್ಳಲು ಬರುವವರಾದರೂ ಎಷ್ಟು ಮಂದಿ ಈಗ? ಎಲ್ಲರ ಬಾಗಿಲಿಗೂ ಬೆರಳಿಟ್ಟರೆ ತೆರೆಯುವ ಬೀಗ ಬಂದು ಕೂತಿದೆ. ಹೋದ ವಾರ ಎದುರು ಬೀದಿಯ ಸಂಗೀತದ ಮೇಡಂ ಓಡೋಡಿ ಬಂದರು. ಅವರ ಬಾಗಿಲು ಬೆಳಿಗ್ಗೆ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯಿತಂತೆ, ಆಮೇಲೆ ಅವರ ಬೆರಳಿನ ಗುರುತೇ ಹಿಡಿಯಲಿಲ್ಲವಂತೆ. ಹಾಲಿನ ಪ್ಯಾಕೆಟ್ ತರಲು ಹೋದ ಹೆಂಗಸು, ಕೈಯಲ್ಲಿ ಹಾಲು, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. "ಹುಟ್ಟಿದಾಗಿಂದ ಇದೇ ಬೆರಳು ಕಣ್ರೀ, ಇವತ್ತು ನೀನ್ಯಾರು ಅಂತ ಕೇಳ್ತಿದೆ" ಎಂದು ಅಳುವುದೊಂದು ಬಾಕಿ. ಹಿಂಬಾಗಿಲಲ್ಲಿ ಪುಣ್ಯಕ್ಕೆ ಹಳೆಯ ಬೀಗವೇ ಇತ್ತು, ತಂತಿ ಹಾಕಿ ಎರಡು ನಿಮಿಷದಲ್ಲಿ ತೆಗೆದುಕೊಟ್ಟೆ. ಮೊದಲಾಗಿದ್ದರೆ ಈ ಕಥೆಯನ್ನು ಅವತ್ತೇ ನಿನಗೆ ಫೋನಿನಲ್ಲಿ ಹೇಳುತ್ತಿದ್ದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈ ಸಲ ನಗು ಬರಲಿಲ್ಲ ಅಕ್ಕಾ. ಮನೆಯವರನ್ನೇ ಹೊರಗೆ ನಿಲ್ಲಿಸಿದ ಬೀಗವನ್ನು ಬೈಯಲು ನನಗೆ ಬಾಯಿಯೂ ಬರಲಿಲ್ಲ.

ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನನ್ನು ನೀನು ನೋಡಿದ್ದೀಯ. ನೀರಿಗೆ ಬಿದ್ದ ಫೋನ್ ತಂದರೂ, ಗಾಜು ಒಡೆದ ಫೋನ್ ತಂದರೂ ಮೊದಲು "ಬ್ಯಾಟರಿ ಹೋಗಿದೆ ಸಾರ್" ಎನ್ನುತ್ತಾನಲ್ಲ, ನಾನು ಅವನಿಗೆ ಬ್ಯಾಟರಿ ಎಂದೇ ಹೆಸರಿಟ್ಟಿದ್ದೇನೆ. ಸೋಮವಾರ ಪೇಪರಿನಲ್ಲಿ ತಂತ್ರಜ್ಞಾನದ ಪುಟ ಬರುತ್ತದೆ. ಅದನ್ನು ನಡುವೆ ಹರಡಿಕೊಂಡು, ಟೀ ಕುಡಿಯುತ್ತಾ, ನಾವಿಬ್ಬರೂ ಜಗತ್ತಿನ ವಿಜ್ಞಾನಿಗಳಿಗೆಲ್ಲ ಬುದ್ಧಿ ಹೇಳುವುದು ವಾಡಿಕೆ. ಯಾವುದೋ ಕಂಪನಿಯ ಕಂಪ್ಯೂಟರಿಗೆ ಕನ್ನ ಹಾಕಿ ಲಕ್ಷಾಂತರ ಜನರ ಪಾಸ್‌ವರ್ಡ್ ಕದ್ದರು ಎಂದು ಬಂದರೆ ನನಗೆ ಒಳಗೊಳಗೇ ಖುಷಿ. ನಲವತ್ತು ವರ್ಷ ಬೀಗದ ಹೊಟ್ಟೆಯೊಳಗೆ ಕೈ ಹಾಕಿದವನಿಗೆ ಇದೆಲ್ಲ ಹೊಸದೇ? ಜನ ಆಗ ಕೀಯನ್ನು ಹೂಕುಂಡದ ಕೆಳಗೆ ಇಡುತ್ತಿದ್ದರು, ಈಗ ಒಂದರಿಂದ ಆರರವರೆಗೆ ಎಣಿಸಿ ಅದನ್ನೇ ಪಾಸ್‌ವರ್ಡ್ ಎನ್ನುತ್ತಾರೆ. ಇನ್ನು ಹತ್ತು ವರ್ಷದಲ್ಲಿ ಯಂತ್ರ ಎಲ್ಲವನ್ನೂ ಕಲಿತುಬಿಡುತ್ತದೆ ಎಂದು ಬ್ಯಾಟರಿ ಹೆದರಿಸಿದರೆ, ಮೊದಲು ನಿನ್ನ ಅಂಗಡಿಯ ತುಕ್ಕು ಹಿಡಿದ ಶಟರ್ ಎತ್ತುವುದನ್ನು ಕಲಿಯಲಿ, ಆಮೇಲೆ ನೋಡೋಣ ಎನ್ನುತ್ತಿದ್ದೆ. ಎಂಥ ಜಂಬ ನನಗೆ! ಪೇಪರ್ ಓದಿ ಓದಿ, ಮೋಸ ಹೋಗುವವರೆಲ್ಲ ಬೇರೆಯವರು, ನಾನು ಮಾತ್ರ ಬಲು ಹುಷಾರು ಎಂದುಕೊಂಡುಬಿಟ್ಟೆ.

ಎಂಟು ತಿಂಗಳ ಹಿಂದೆ ನಿನ್ನ ಮನೆಗೆ ಬಂದಾಗ ನಾನು ಶುರು ಮಾಡಿದ ಆಟ ನಿನಗೆ ನೆನಪಿದ್ದೇ ಇದೆ. ಊಟದ ಮೇಜಿನ ಸುತ್ತ ನೀನು, ಭಾವ, ಅಮ್ಮ, ನಾನು. ಯಾರದೋ ದನಿ ಕೆಲವೇ ಸೆಕೆಂಡು ಸಿಕ್ಕರೂ ಸಾಕು, ಯಂತ್ರ ಅದೇ ದನಿಯಲ್ಲಿ ಏನು ಬೇಕಾದರೂ ಮಾತಾಡುತ್ತದೆ, ಮಗಳ ದನಿಯಲ್ಲಿ ಅತ್ತು ತಂದೆಯನ್ನು ದೋಚಿದ್ದಾರೆ ಎಂದು ನಾನು ಪೇಪರಿನ ತುಂಡು ತೋರಿಸಿದೆ. ಇನ್ನು ಮುಂದೆ ಗೊತ್ತಿಲ್ಲದ ನಂಬರಿನಿಂದ ನಮ್ಮವರ ದನಿ ಬಂದರೆ ಗುಟ್ಟಿನ ಮಾತು ಕೇಳಬೇಕು, ಹೇಳದಿದ್ದರೆ ಫೋನ್ ಕಟ್ ಮಾಡಬೇಕು ಎಂದು ಕಾನೂನು ಮಾಡಿದೆ. ನೀನು "ಶುರುವಾಯ್ತಪ್ಪ ಇವನ ಪುರಾಣ" ಎಂದೆ. ಅಮ್ಮ ಮಾತ್ರ ನಗಲಿಲ್ಲ. ಸೌತೆಕಾಯಿ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು "ಗುಟ್ಟಿನ ಮಾತು ನಮ್ಮ ಹತ್ರ ಇದ್ಯಲ್ಲೋ, ಸೂಜಿಡಬ್ಬಿ" ಎಂದಳು. ಬೆಳಿಗ್ಗೆ ತಿಂದದ್ದನ್ನು ಮಧ್ಯಾಹ್ನ ಮರೆಯುತ್ತಿದ್ದವಳಿಗೆ ಅದು ಹೇಗೆ ನೆನಪಿತ್ತೋ!

ನನಗೆ ಆರು ವರ್ಷ, ನಿನಗೆ ಹತ್ತು. ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯಲು ಹೋದರೆ ಬರುವಾಗ ಸಂಜೆ ಏಳು. ನಾವಿಬ್ಬರೇ ಒಳಗೆ, ಬಾಗಿಲಿಗೆ ಒಂದೇ ಚಿಲಕ. "ಯಾರು ಕರೆದ್ರೂ ತೆಗೀಬೇಡಿ, ನನ್ನ ದನೀಲಿ ಕರೆದ್ರೂ ತೆಗೀಬೇಡಿ, ಸೂಜಿಡಬ್ಬಿ ಅಂದ್ರೆ ಮಾತ್ರ ತೆಗೀರಿ" ಎಂದು ಕಲಿಸಿದವಳು ಅವಳೇ. ಒಂದು ದಿನ ಸುಸ್ತಾಗಿ ಬಂದವಳು "ತೆಗಿಯೋ, ನಾನೇ" ಎಂದಳು. ನೀನು ತೆಗೆಯಲು ಹೋದೆ, ನಾನು ಸ್ಟೂಲಿನ ಮೇಲೆ ನಿಂತು ಚಿಲಕ ಗಟ್ಟಿಯಾಗಿ ಹಿಡಿದುಕೊಂಡೆ. ಹೊರಗಿನಿಂದ ಸೂಜಿಡಬ್ಬಿ ಎಂದ ಮೇಲೆಯೇ ಬಿಟ್ಟದ್ದು. ಬೈಯುತ್ತಾಳೆ ಎಂದುಕೊಂಡರೆ ತಲೆ ಸವರಿ "ನನ್ನ ಮಗ ಗಟ್ಟಿ ಚಿಲಕ" ಎಂದಳು. ಆವತ್ತಿನಿಂದ ಮನೆಯಲ್ಲಿ ನಾನು ಚಿಲಕ. ದೊಡ್ಡವನಾಗಿ ಬೀಗದ ಕೆಲಸಕ್ಕೇ ಬಂದೆ. ಆ ಒಂದು ಶಭಾಸಿನಿಂದಲೇ ಬಂದೆನೋ ಏನೋ, ಈಗ ಹಾಗೆ ಅನ್ನಿಸುತ್ತದೆ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವ ಜಾತಿಯೇ ಅಲ್ಲವಲ್ಲ ನಾನು. ಮತ್ತೊಂದು ಸೋಮವಾರ ಪೇಪರಿನಲ್ಲಿ ಬಂತು: ಗುಟ್ಟಿನ ಪದ ಬಾಲ್ಯಕ್ಕೆ ಸಂಬಂಧಿಸಿದ್ದಾಗಿರಬಾರದು, ಮನೆಯ ಸಾಮಾನಿನ ಹೆಸರಾಗಿರಬಾರದು, ಆಗಾಗ ಬದಲಾಯಿಸುತ್ತಿರಬೇಕು. ಅಯ್ಯೋ, ಮೂರು ತಪ್ಪೂ ನಮ್ಮದರಲ್ಲೇ ಇವೆಯಲ್ಲ ಎಂದು ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಅಂಗಡಿಯಲ್ಲೇ ಕೂತು ಹೊಸ ಮಾತು ಹೊಸೆದೆ: "ನೀಲಿ ಇಕ್ಕಳ ಹತ್ತೊಂಬತ್ತು". ಯಾವ ಕಳ್ಳನ ಅಪ್ಪನಿಗೂ ಹೊಳೆಯದಂಥದ್ದು. ನನ್ನವಳಿಂದ ಮೂರು ಸಲ ಹೇಳಿಸಿದೆ. "ಅತ್ತೆಗೆ ಇದೆಲ್ಲ ನೆನಪಿರುತ್ತಾ?" ಎಂದು ಅವಳು ಕೇಳಿದಳು, ಅಕ್ಕ ನೋಡಿಕೊಳ್ಳುತ್ತಾಳೆ ಬಿಡು ಎಂದೆ. ಫೋನಿನಲ್ಲಿ ಹೇಳಿದರೆ ಯಾರಾದರೂ ಕದ್ದು ಕೇಳಿಯಾರು ಎಂದು ನಿನಗೆ ಕಾಗದ ಬರೆದೆ. ಆ ಕಾಗದದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನು ಆ ಸೋಮವಾರ. ಅವತ್ತು ಪೇಪರಿನ ಅರ್ಧ ಪುಟ ಈ ದನಿಯ ಕಳ್ಳತನದ್ದೇ. ಹೇಗೆ ಗುರುತಿಸುವುದು ಎಂದು ಪಟ್ಟಿ ಬೇರೆ ಕೊಟ್ಟಿದ್ದರು: ಗೊತ್ತಿಲ್ಲದ ನಂಬರು, ಅಳು, ಆಸ್ಪತ್ರೆ, ಅವಸರ. ಅದನ್ನು ಕತ್ತರಿಸಿ ಕೀಗಳ ಹಲಗೆಗೆ ಪಿನ್ ಮಾಡಿದ್ದೆ. ಮಧ್ಯಾಹ್ನ ಮೂರೂವರೆಗೆ ಫೋನ್ ಬಂತು, ಗೊತ್ತಿಲ್ಲದ ನಂಬರು. "ಲೋ, ನಾನು ಕಣೋ. ಆಸ್ಪತ್ರೇಲಿದ್ದೀವಿ, ಅಮ್ಮನಿಗೆ ಆಗ್ತಾ ಇಲ್ಲ, ನಿನ್ ಹತ್ರ ಮಾತಾಡ್ಬೇಕಂತೆ, ಬೇಗ, ಕೊಡ್ತೀನಿ" ಎಂದು ನಿನ್ನ ದನಿ ಅಳುತ್ತಿತ್ತು. ನನ್ನ ಕಣ್ಣು ಹಲಗೆಯ ಮೇಲಿತ್ತು ಅಕ್ಕಾ. ನಂಬರು ಸರಿ, ಅಳು ಸರಿ, ಆಸ್ಪತ್ರೆ ಸರಿ, ಅವಸರ ಸರಿ ಎಂದು ಒಂದೊಂದಾಗಿ ಮನಸ್ಸಿನಲ್ಲೇ ಗೀಟು ಹಾಕಿದೆ. ನಿನ್ನ ಫೋನ್ ಸತ್ತು, ಭಾವ ಇನ್ನೂ ಅಲ್ಲಿಗೆ ತಲುಪದೆ, ನರ್ಸಮ್ಮನ ಫೋನಿನಿಂದ ಮಾಡುತ್ತಿದ್ದೀಯ ಎಂದು ನನಗೇನು ಗೊತ್ತು? "ಗುಟ್ಟಿನ ಮಾತು ಹೇಳಿ" ಎಂದೆ. ಹುಟ್ಟಿದಾಗಿನಿಂದ ನಿನ್ನನ್ನು ನೀನು ಎಂದವನು, ಅವತ್ತು ನೀವು ಎಂದೆ.  ನೀನು "ಈಗೇನೋ ನಿಂದು ಇದು! ಸೂಜಿಡಬ್ಬಿ, ಸೂಜಿಡಬ್ಬಿ, ಸಾಕಾ?" ಎಂದು ಕಿರುಚಿದೆ. "ಅದು ಹಳೇದು" ಎಂದು ಕಟ್ ಮಾಡಿದೆ. ಮತ್ತೆ ಎರಡು ಸಲ ರಿಂಗಾಯಿತು, ನಂಬರ್ ಬ್ಲಾಕ್ ಮಾಡಿದೆ. ಮಾಡಿ, ಹೇಳಲು ನಾಚಿಕೆಯಾಗುತ್ತದೆ, ಪಕ್ಕದ ಅಂಗಡಿಗೆ ಹೋಗಿ ಕಳ್ಳರನ್ನು ಹೇಗೆ ಹಿಡಿದೆ ಎಂದು ಬ್ಯಾಟರಿಯ ಮುಂದೆ ಕೊಚ್ಚಿಕೊಂಡೆ. ಅವನು ಟೀ ತರಿಸಿದ. ಆ ಟೀ ಕುಡಿಯುವ ಹೊತ್ತಿಗೆ ಅಮ್ಮ ಹೋಗಿದ್ದಳು.

ಐದು ಗಂಟೆಗೆ ಭಾವನ ಫೋನು, ಅವರದೇ ನಂಬರಿನಿಂದ.  ಅವರಿಗೆ ನಾನು ಗುಟ್ಟಿನ ಮಾತು ಕೇಳಲಿಲ್ಲ. ಬಸ್ಸಿನಲ್ಲಿ ಹೇಗೆ ಬಂದೆ, ಯಾರ ಪಕ್ಕ ಕೂತೆ, ಒಂದೂ ನೆನಪಿಲ್ಲ. ಬಂದಾಗ ನೀನು ನನ್ನ ಕೈಗೆ ಒಂದು ಲೋಟ ನೀರು ಕೊಟ್ಟೆ, ಮುಖ ನೋಡಲಿಲ್ಲ. ಚಿಕ್ಕಮ್ಮ "ಕೊನೇಲಿ ಮಗನ ಹತ್ರ ಮಾತಾಡಿದ್ಲಾ?" ಎಂದು ಕೇಳಿದಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ನೀನು "ಲೈನ್ ಸಿಗ್ಲಿಲ್ಲ" ಎಂದೆ. ಅಕ್ಕಪಕ್ಕದವರು ಕೇಳಿದರೂ ಅದೇ, ಕಾರ್ಖಾನೆಯ ಹಳೆಯ ಗೆಳತಿಯರು ಕೇಳಿದರೂ ಅದೇ. ಲೈನ್ ಸಿಗಲಿಲ್ಲ, ಲೈನ್ ಸಿಗಲಿಲ್ಲ. ಎಲ್ಲರೆದುರು ನೀನು ನನ್ನ ಮಾನ ಉಳಿಸಿದೆ, ನನ್ನೊಡನೆ ಮಾತ್ರ ಒಂದು ಮಾತು ಆಡಲಿಲ್ಲ. ಕೆನ್ನೆಗೆ ನಾಲ್ಕು ಬಿಟ್ಟಿದ್ದರೆ ಹಗುರವಾಗುತ್ತಿತ್ತು.

ಈಗ ಆ ಕಾಗದದ ವಿಷಯ. ನಿಮ್ಮಲ್ಲಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡ ಸಮಾಧಾನ ಏನು ಗೊತ್ತೇ? ಹೊಸ ಮಾತು ಬರೆದು ಕಳಿಸಿದ್ದೆನಲ್ಲ, ಅಕ್ಕನೇ ಗಾಬರಿಯಲ್ಲಿ ಮರೆತಳು, ನನ್ನದು ಅರ್ಧ ತಪ್ಪು, ಅವಳದು ಅರ್ಧ. ಎರಡು ವಾರ ಆ ಅರ್ಧವನ್ನು ಹಿಡಿದುಕೊಂಡೇ ಉಂಡೆ, ಮಲಗಿದೆ. ಹೋದ ಗುರುವಾರ ಹಳೆಯ ಪೆಟ್ಟಿಗೆಯ ಬೀಗವೊಂದಕ್ಕೆ ಸಣ್ಣ ಸ್ಪ್ರಿಂಗ್ ಬೇಕಾಗಿ ಕೆಳಗಿನ ಡ್ರಾಯರ್ ಪೂರ್ತಿ ಎಳೆದೆ. ಕೊರೆಯದ ಕೀಗಳ ಡಬ್ಬಿಯ ಅಡಿಯಲ್ಲಿ ಕವರ್ ಇತ್ತು. ನಿನ್ನ ವಿಳಾಸ, ಸ್ಟಾಂಪು, ಅಂಟಿಸಿದ ಬಾಯಿ, ಎಲ್ಲ ಸರಿಯಾಗಿತ್ತು. ಅವತ್ತು ಕವರ್ ಅಂಟಿಸಿದ ಹೊತ್ತಿಗೆ ಯಾರೋ ಒಬ್ಬರು ಮಗು ಒಳಗಿರುವಾಗಲೇ ಕಾರಿನ ಬಾಗಿಲು ಹಾಕಿಕೊಂಡಿತು ಎಂದು ಓಡಿಬಂದಿದ್ದರು. ಯಾರ ಕಣ್ಣಿಗೂ ಬೀಳದಿರಲಿ ಎಂದು ಕವರನ್ನು ಡಬ್ಬಿಯ ಕೆಳಗೆ ತುರುಕಿ ಓಡಿದ್ದೆ. ಮಗು ಬದುಕಿತು, ಕವರ್ ಮರೆತುಹೋಯಿತು. ನಿನಗೆ ಹೊಸ ಮಾತು ಗೊತ್ತೇ ಇರಲಿಲ್ಲ ಅಕ್ಕಾ. ನೀನು ಹೇಳಿದ್ದು ಸರಿಯಾದ ಮಾತು. ಅರ್ಧ ಗಿರ್ಧ ಏನಿಲ್ಲ, ಪೂರ್ತಿ ನನ್ನದೇ. ಆ ಕವರನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ಒಡೆದಿಲ್ಲ.

ಹೊಟ್ಟೆ ಉರಿಯುವ ಇನ್ನೊಂದು ಸಂಗತಿ ಕೇಳು. ಮೊನ್ನೆ ಸೋಮವಾರ ಅದೇ ಪೇಪರು, ಅದೇ ಪುಟ: ಪಾಸ್‌ವರ್ಡ್ ಪದೇ ಪದೇ ಬದಲಾಯಿಸುವ ಅಗತ್ಯವಿಲ್ಲ, ಅದರಿಂದ ಜನಕ್ಕೆ ಗೊಂದಲವೇ ಹೆಚ್ಚು ಎನ್ನುತ್ತಾರೆ ತಜ್ಞರು. ಎನ್ನುತ್ತಾರಂತೆ! ಥೂ, ಇವರ ಬಾಯಿಗಿಷ್ಟು. ಪೇಪರನ್ನು ಮುದುರಿ ಎಸೆದೆ, ಆಮೇಲೆ ಎತ್ತಿಕೊಂಡು ನೇರ ಮಾಡಿದೆ. ಅವರು ಬದಲಾಯಿಸು ಎಂದದ್ದು ನಿಜ, ಪೋಸ್ಟ್ ಮಾಡಬೇಡ ಎಂದಿರಲಿಲ್ಲ. ಅದರ ಕೆಳಗೇ ಇನ್ನೊಂದು ಸುದ್ದಿ ಇತ್ತು. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಿನ ಹಾಗಲ್ಲವಂತೆ, ಹೊರಗೆ ತೆಗೆದಾಗಲೆಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತದಂತೆ. ಅದನ್ನು ಎರಡು ಸಲ ಓದಿದೆ. ಅದಾದರೂ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಬ್ಯಾಟರಿ ಒಳ್ಳೆಯವನೇ. ಅವತ್ತು ಟೀ ತರಿಸಿದ್ದಕ್ಕೆ ತನಗೂ ಪಾಪ ಸುತ್ತಿಕೊಂಡಿದೆ ಎಂಬಂತೆ ಮುಖ ಮಾಡಿಕೊಂಡು ಓಡಾಡುತ್ತಾನೆ. ನಿನ್ನೆ ಮೆಲ್ಲಗೆ ಬಂದು, ಅಮ್ಮನ ಹಳೆಯ ಸಂದೇಶಗಳೇನಾದರೂ ಫೋನಿನಲ್ಲಿದ್ದರೆ ಕೊಡಿ, ಅವರ ದನಿಯಲ್ಲೇ ನಿಮ್ಮೊಡನೆ ಎರಡು ಮಾತು ಆಡುವ ಹಾಗೆ ಮಾಡಿಕೊಡುತ್ತೇನೆ, ಮನಸ್ಸಿಗೆ ನೆಮ್ಮದಿಯಾದೀತು ಎಂದ. ಬಾಯಿಗೆ ಬಂದ ಹಾಗೆ ಬೈದು ಕಳಿಸಿದೆ. ಅಷ್ಟು ಸಿಟ್ಟು ಯಾಕೆ ಬಂತು ಎಂದು ಅವನಿಗೆ ಅರ್ಥವಾಗಲಿಲ್ಲ, ಹೆದರಿ ನನ್ನ ಕಡೆ ನೋಡುತ್ತಲೇ ಹೋದ. ಸಂಜೆ ಹೋಗಿ ಬೆನ್ನು ತಟ್ಟಿ ಬಂದೆ. ಹಲಗೆಯ ಮೇಲಿನ ಪಟ್ಟಿಯನ್ನು ಕಿತ್ತುಹಾಕಿದ್ದೇನೆ. ನಾಲ್ಕು ಪಿನ್ನಿನ ತೂತು ಉಳಿದಿವೆ, ಕೆಲಸ ಮಾಡುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ.

ಇನ್ನು ನಿಲ್ಲಿಸುತ್ತೇನೆ. ಒಬ್ಬರು ತೂಗುಬೀಗ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಮೂರು ಸಲ ಕೆಮ್ಮಿದರು. ಭಾವನಿಗೆ ನನ್ನ ನಮಸ್ಕಾರ ಹೇಳು, ತಣ್ಣೀರು ಕುಡಿಯಬೇಡಿ ಎಂದು ಗದರಿಸು. ಅಮ್ಮ ಸೂಜಿದಾರ ಹಾಕಿಡುತ್ತಿದ್ದ ಸೂಜಿಡಬ್ಬಿ, ಆ ಬಿಸ್ಕತ್ತಿನ ತಗಡಿನ ಡಬ್ಬಿ ನಿನ್ನ ಹತ್ತಿರವೇ ಇರಲಿ, ನನಗೆ ಕೊಡಬೇಡ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ನೀನು ಚೆನ್ನಾಗಿರಬೇಕು ಅಕ್ಕಾ. ಬೈಯಬೇಕು ಅನ್ನಿಸಿದ ದಿನ ಫೋನ್ ಮಾಡು, ಯಾವ ನಂಬರಿನಿಂದ ಬಂದರೂ ಎತ್ತುತ್ತೇನೆ.

ನಿನ್ನ ತಮ್ಮ,
ಚಿಲಕ

ತಾ.ಕ.: ಕವರ್ ಅಂಟಿಸಲು ಹೋದವನು ಮತ್ತೆ ಕೂತಿದ್ದೇನೆ. ತೂಗುಬೀಗದವರು ಕಾಯಲಿ. ಮೇಲೆ ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ, ನನ್ನವಳಿಗೂ ಹೇಳಿಲ್ಲ. ನಾನು "ಅದು ಹಳೇದು" ಎಂದ ಕೂಡಲೇ ಫೋನ್ ಕಟ್ ಮಾಡಲಿಲ್ಲ. ನೀನು ಫೋನನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದೆ, ಅಲ್ಲವೇ? ಅಷ್ಟರೊಳಗೆ ಲೈನ್ ಹೋಗಿತ್ತು ಎಂದು ನೀನು ಅಂದುಕೊಂಡಿರಬಹುದು. ಹೋಗಿರಲಿಲ್ಲ. "ಚಿಲಕಾ, ಸೂಜಿಡಬ್ಬಿ ಕಣೋ, ತೆಗಿಯೋ" ಎಂದಳು. ಸಣ್ಣ ದನಿ, ಆದರೆ ಪೂರ್ತಿ ಕೇಳಿಸಿತು. ಚಿಲಕ ಎಂಬ ಹೆಸರು ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ, ಅದೂ ಆ ಕ್ಷಣಕ್ಕೇ ಹೊಳೆಯಿತು. ಹೊಳೆದರೂ ಬೆರಳು ಕಟ್ ಮಾಡಿಬಿಟ್ಟಿತು. ನೆನಪು ಬದಲಾಗುತ್ತದೆ ಎಂದು ಪೇಪರಿನವರು ಬರೆಯಲಿ, ಇದು ಇಪ್ಪತ್ತಮೂರು ದಿನದಿಂದ ಒಂದು ಅಕ್ಷರ ಬದಲಾಗಿಲ್ಲ. ಮಾತಾಡಬೇಡ, ಕ್ಷಮಿಸಬೇಡ, ಒಂದು ಕಾರ್ಡು ಹಾಕು ಸಾಕು. ಎಲ್ಲರಿಗೂ ಲೈನ್ ಸಿಗಲಿಲ್ಲ ಎಂದೆಯಲ್ಲ, ಅಮ್ಮನಿಗೂ ಹಾಗೆಯೇ ಹೇಳಿದೆಯಾ? ಅವಳು ನಂಬಿದಳಾ?